ಗುರುದತ್ ಉಳಿಸಿದ ಖಾಲಿ ಜಾಗ, ನಾವು ಕತ್ತರಿಸಿದ ಚಿತ್ರ

ಗುರುದತ್ ಅಂದಕೂಡಲೇ ಮೂರು ಮಾತು ತಪ್ಪದೆ ಬರುತ್ತವೆ. ಬೆಂಗಳೂರಲ್ಲಿ ಹುಟ್ಟಿದವರು, 39ಕ್ಕೇ ಹೋದವರು, ಬದುಕಿಡೀ ದುಃಖಿ. ಆ ದುಃಖದ ಬಗ್ಗೆ ಮಾತಾಡಿದಷ್ಟು ಅವರ ಕೆಲಸದ ಬಗ್ಗೆ ಮಾತಾಡಲ್ಲ ಅನ್ನೋದು ನನ್ನ ತಕರಾರು. ಅದರಲ್ಲೂ ಒಂದು ಕೆಲಸ ನನ್ನನ್ನು ಬಹಳ ಕಾಡುತ್ತದೆ: ಪರದೆಯ ಅಗಲವನ್ನು ಅವರು ಬಳಸಿದ ರೀತಿ. ತಾಂತ್ರಿಕ ವಿಷಯ ಅಂತ ಸ್ಕ್ರೋಲ್ ಮಾಡಿ ಮುಂದೆ ಹೋಗಬೇಡಿ. ಚೌಕಟ್ಟಿನೊಳಗೆ ಯಾರಿರಬೇಕು, ಯಾರು ಹೊರಗಿರಬೇಕು ಅಂತ ತೀರ್ಮಾನಿಸೋದು ರಾಜಕೀಯವೂ ಹೌದು.

1925ರ ಜುಲೈ 9ರಂದು ಹುಟ್ಟಿದಾಗ ಅವರ ಹೆಸರು ವಸಂತಕುಮಾರ್ ಶಿವಶಂಕರ್ ಪಡುಕೋಣೆ. ಬೆಳೆದದ್ದು ಕಲ್ಕತ್ತಾದಲ್ಲಿ. ಮನೆಯಲ್ಲಿ ಹಣದ ಅಡಚಣೆ, ಕಾಲೇಜು ಸಾಧ್ಯವಾಗಲಿಲ್ಲ. ಹದಿಹರೆಯದಲ್ಲಿ ಆಲ್ಮೋರಾದ ಉದಯಶಂಕರ್ ಕೇಂದ್ರ ಸೇರಿ ನೃತ್ಯ ಕಲಿತರು. 1944ರಲ್ಲಿ ಪುಣೆಯ ಪ್ರಭಾತ್ ಫಿಲ್ಮ್ ಕಂಪನಿಗೆ ಬಂದರು. ಅಲ್ಲಿ ಸಿಕ್ಕ ಗೆಳೆಯ ದೇವ್ ಆನಂದ್. ಇಬ್ಬರಲ್ಲಿ ಯಾರು ಮೊದಲು ಮೇಲೆ ಬರ್ತಾರೋ ಅವರು ಇನ್ನೊಬ್ಬರಿಗೆ ಅವಕಾಶ ಕೊಡಬೇಕು ಅಂತ ಒಪ್ಪಂದ ಆಗಿತ್ತು. ದೇವ್ ಆನಂದ್ ಮಾತು ಉಳಿಸಿಕೊಂಡರು. 1951ರಲ್ಲಿ ಅವರ ನವಕೇತನ್ ಸಂಸ್ಥೆಗಾಗಿ ಗುರುದತ್ 'ಬಾಜಿ' ನಿರ್ದೇಶಿಸಿದರು.

ಆ ಚಿತ್ರದಲ್ಲಿ ಸಹಾಯಕ ಕ್ಯಾಮೆರಾಮನ್ ಆಗಿದ್ದವರು ಮೈಸೂರಿನ ವಿ.ಕೆ. ಮೂರ್ತಿ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತವರು. ಮುಂದಿನ 'ಜಾಲ್' ಚಿತ್ರದಿಂದ ಅವರೇ ಗುರುದತ್ತರ ಕಣ್ಣಾದರು. 1957ರ 'ಪ್ಯಾಸಾ' ಇಬ್ಬರೂ ಸೇರಿ ಮಾಡಿದ್ದು. ಸ್ವಾತಂತ್ರ್ಯ ಬಂದು ಹತ್ತು ವರ್ಷವಾಗಿತ್ತಷ್ಟೆ. ಕವಿಯನ್ನು ಬೀದಿಗೆ ತಳ್ಳಿ, ಸತ್ತನೆಂದು ತಿಳಿದ ಮೇಲೆ ಮೆರೆಸುವ ಸಮಾಜವನ್ನು ಆ ಚಿತ್ರ ನೇರವಾಗಿ ಕೇಳಿತು. ಜನ ನೋಡಿದರು, ಗೆಲ್ಲಿಸಿದರು.

ಗೆದ್ದವರು ಸಾಮಾನ್ಯವಾಗಿ ಅದನ್ನೇ ಇನ್ನೊಮ್ಮೆ ಮಾಡ್ತಾರೆ. ಗುರುದತ್ ಪರದೆಯನ್ನೇ ಬದಲಿಸಿದರು. ಅಲ್ಲಿಯವರೆಗಿನ ಪರದೆ ಹೆಚ್ಚುಕಡಿಮೆ ಚೌಕ, ಎತ್ತರ 1 ಇದ್ದರೆ ಅಗಲ 1.37. ಅಮೆರಿಕದಲ್ಲಿ ಫಾಕ್ಸ್ ಕಂಪನಿ 1953ರಲ್ಲಿ 'ದಿ ರೋಬ್' ಮೂಲಕ ಸಿನೆಮಾಸ್ಕೋಪ್ ತಂದಿತ್ತು. ಫ್ರಾನ್ಸಿನ ಆನ್ರಿ ಕ್ರೆತಿಯೆನ್ ರೂಪಿಸಿದ್ದ ಲೆನ್ಸ್ ಅದರ ಮೂಲ. ಉಪಾಯ ಸರಳ. ಚಿತ್ರೀಕರಿಸುವಾಗ ಲೆನ್ಸ್ ದೃಶ್ಯದ ಅಗಲವನ್ನು ಅರ್ಧಕ್ಕೆ ಹಿಂಡಿ ಅದೇ 35 ಎಂಎಂ ರೀಲಿನೊಳಗೆ ತುರುಕುತ್ತದೆ. ರೀಲನ್ನು ಕೈಯಲ್ಲಿ ಹಿಡಿದು ನೋಡಿದರೆ ಎಲ್ಲರೂ ಕಡ್ಡಿಯಂತೆ ಸಣಕಲು. ಪ್ರೊಜೆಕ್ಟರಿನ ಲೆನ್ಸ್ ಅದನ್ನು ಎರಡರಷ್ಟು ಹಿಗ್ಗಿಸಿದಾಗ ಮನುಷ್ಯರು ಮತ್ತೆ ಮನುಷ್ಯರಾಗ್ತಾರೆ, ಪರದೆ 2.35ರಷ್ಟು ಅಗಲವಾಗುತ್ತದೆ.

ಹೀಗೆ ತಯಾರಾದ ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರ 1959ರ 'ಕಾಗಜ್ ಕೆ ಫೂಲ್'. ಹಾಲಿವುಡ್ ಈ ಅಗಲವನ್ನು ವೈಭವ ತೋರಿಸಲು ತಂದಿತ್ತು. ಗುರುದತ್ ಅದರಲ್ಲಿ ಒಂಟಿತನ ತೋರಿಸಿದರು. ಖಾಲಿ ಸ್ಟುಡಿಯೋ, ಮೇಲಿಂದ ಇಳಿಯುವ ಬೆಳಕಿನ ಕೋಲು, ದೂರ ದೂರ ನಿಂತ ಇಬ್ಬರು. ಆ ಬೆಳಕಿಗಾಗಿ ಮೂರ್ತಿ ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಒಳಗೆ ತಂದಿದ್ದರು. ಇಬ್ಬರ ನಡುವಿನ ಖಾಲಿ ಜಾಗವೇ ಆ ದೃಶ್ಯದ ಕತೆ. ಹಣ, ಹೆಸರು, ಸಂಸಾರ ಎಲ್ಲ ಕಳೆದುಕೊಂಡ ನಿರ್ದೇಶಕನೊಬ್ಬ ಕೊನೆಗೆ ಸ್ಟುಡಿಯೋದ ಕುರ್ಚಿಯಲ್ಲೇ ಸಾಯುವ ಚಿತ್ರವದು. ಜನ ಅದನ್ನು ತಿರಸ್ಕರಿಸಿದರು. ಆಮೇಲೆ ಗುರುದತ್ ಯಾವ ಚಿತ್ರಕ್ಕೂ ನಿರ್ದೇಶಕ ಅಂತ ಹೆಸರು ಹಾಕಿಕೊಳ್ಳಲಿಲ್ಲ. 'ಚೌದ್ವೀ ಕಾ ಚಾಂದ್', 'ಸಾಹಿಬ್ ಬೀಬಿ ಔರ್ ಗುಲಾಮ್' ನಿರ್ಮಿಸಿ, ನಟಿಸಿದರು. 1964ರ ಅಕ್ಟೋಬರ್ 10ರಂದು ಮುಂಬೈಯ ಮನೆಯಲ್ಲಿ ತೀರಿಕೊಂಡರು.

ಜನ ಮತ್ತೆ ಆ ಚಿತ್ರವನ್ನು ಪ್ರೀತಿಸತೊಡಗಿದ್ದು ಅವರು ಹೋದ ಮೇಲೆ. ಆದರೆ ನಮ್ಮಲ್ಲಿ ಎಷ್ಟು ಜನ ಅದನ್ನು ಪೂರ್ತಿಯಾಗಿ ನೋಡಿದ್ದೇವೆ? ಹಳೇ ಟಿವಿಯ ಆಕಾರ 4:3. 2.35ರ ಚಿತ್ರವನ್ನು ಅದರಲ್ಲಿ ಪೂರ್ತಿ ತುಂಬಬೇಕಂದ್ರೆ ಅಗಲದಲ್ಲಿ ಶೇ 43ರಷ್ಟು ಕತ್ತರಿಸಲೇಬೇಕು. ಆಗ ಎರಡು ತುದಿಯಲ್ಲಿರುವ ಇಬ್ಬರಲ್ಲಿ ಒಬ್ಬರು ಮಾಯ. ಇಂದು ಫೋನನ್ನು ನೆಟ್ಟಗೆ ಹಿಡಿದು ನೋಡೋ ರೀಲ್ಸ್‌ಗೆ ಕತ್ತರಿಸಿದರೆ ಉಳಿಯೋದು ಕಾಲು ಭಾಗಕ್ಕೂ ಕಡಿಮೆ.

ಕತ್ತರಿಸದೆಯೂ ಕೆಡಿಸಬಹುದು. ನಮ್ಮ ದೇಶದ ಹಳೇ ಡಿವಿಡಿಗಳಲ್ಲಿ ಚಿತ್ರ 720 ಅಡ್ಡ, 576 ಉದ್ದದ ಪಿಕ್ಸೆಲ್‌ಗಳಲ್ಲಿ ಕೂತಿರುತ್ತದೆ. ಪರದೆ 4:3 ಇರಲಿ, 16:9 ಇರಲಿ, ಸಂಖ್ಯೆ ಅದೇ. ಬದಲಾಗೋದು ಒಂದೊಂದು ಪಿಕ್ಸೆಲ್‌ನ ಆಕಾರ. 16:9ಕ್ಕೆ ಪ್ರತಿ ಪಿಕ್ಸೆಲ್ ತನ್ನ ಎತ್ತರಕ್ಕಿಂತ ಸುಮಾರು 1.42 ಪಟ್ಟು ಅಗಲ ಇರಬೇಕು ಅಂತ ಕಡತದೊಳಗೆ ಒಂದು ಸೂಚನೆ ಇರುತ್ತದೆ. ಕ್ರೆತಿಯೆನ್ ಲೆನ್ಸಿನ ಉಪಾಯವೇ ಇದು: ಹಿಂಡಿ ಇಡು, ತೋರಿಸುವಾಗ ಹಿಗ್ಗಿಸು. ಯಾರೋ ಆ ಡಿವಿಡಿಯನ್ನು ಅವಸರದಲ್ಲಿ ಪರಿವರ್ತಿಸುವಾಗ ಸೂಚನೆ ಕಳೆದುಹೋದರೆ ಪ್ಲೇಯರ್ ಪ್ರತಿ ಪಿಕ್ಸೆಲನ್ನೂ ಚೌಕ ಅಂದುಕೊಳ್ಳುತ್ತದೆ. ವಹೀದಾ ರೆಹಮಾನ್ ಮುಖ ಇರಬೇಕಾದ ಅಗಲದ ಶೇ 70ಕ್ಕೆ ಕುಗ್ಗುತ್ತದೆ. ತದ್ವಿರುದ್ಧವಾಗಿ, 4:3ರ 'ಪ್ಯಾಸಾ' ಪ್ರತಿಯನ್ನು ಹೊಸ ಟಿವಿ ತುಂಬುವಂತೆ ಎಳೆದರೆ ಹಸಿದ ಕವಿ ಕೂಡ ಉಂಡು ತೇಗಿದವನಂತೆ ಕಾಣ್ತಾನೆ.

ಇದು ಹಳೇ ಸಿನೆಮಾಗಷ್ಟೇ ಸೀಮಿತ ಅಂತ ನನಗನ್ನಿಸಲ್ಲ. ಪ್ರತಿಭಟನೆಯ ವಿಡಿಯೋವೊಂದರ ಎರಡೂ ಅಂಚು ಕತ್ತರಿಸಿ, ಲಾಠಿ ಹಿಡಿದವರನ್ನು ಹೊರಗೆ ಬಿಟ್ಟು, ಕಲ್ಲು ಹಿಡಿದವನೊಬ್ಬನನ್ನೇ ಉಳಿಸಿದರೆ ಕತೆ ಬೇರೆಯೇ ಆಗುತ್ತದೆ. ಮಧ್ಯದಲ್ಲಿರೋದಷ್ಟೇ ಮುಖ್ಯ ಅಂತ ತೀರ್ಮಾನಿಸೋದು ಈಗ ಆ್ಯಪ್‌ಗಳ ಅಭ್ಯಾಸ. ಅಂಚಿನಲ್ಲಿರುವವರೂ ಕತೆಯ ಭಾಗ ಅಂತ ನಂಬಿ ಗುರುದತ್ ತಮ್ಮ ಹಣ, ಹೆಸರು ಎರಡನ್ನೂ ಪಣಕ್ಕಿಟ್ಟರು, ಸೋತರು.

ಅವರ ಜನ್ಮಶತಮಾನೋತ್ಸವ 2025ಕ್ಕೆ ಆಯಿತು. ನನ್ನ ಕೋರಿಕೆ ಸಣ್ಣದು. 'ಕಾಗಜ್ ಕೆ ಫೂಲ್' ನೋಡುವಾಗ ಟಿವಿಯ ಝೂಮ್, ಸ್ಟ್ರೆಚ್ ಆಯ್ಕೆಗಳನ್ನು ತೆಗೆದು ಮೂಲ ಆಕಾರಕ್ಕೆ ಇಡಿ. ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತದೆ, ಬರಲಿ. ಬೆಳಕಿನ ಕೋಲಿನ ಆಚೆ ನಿಂತವರು ಆಗ ಕಾಣಿಸ್ತಾರೆ.