ಊಟಕ್ಕಾಗಿ ಮದ್ರಸ ಸೇರಿದ ಯತೀಮ್ ಹುಡುಗ

ಇಮಾಂ ಗಝ್ಝಾಲಿ (ರ) ಅವರ ಹೆಸರು ಕೇಳದ ಬ್ಯಾರಿ ಮನೆ ಇರಲಿಕ್ಕಿಲ್ಲ. ರಂಝಾನಿನ ಉಪನ್ಯಾಸವಾಗಲಿ, ಜುಮಾದ ಪ್ರಸಂಗವಾಗಲಿ, 'ಇಹ್ಯಾ ಉಲೂಮುದ್ದೀನ್'ನ ಒಂದು ವಿಷಯವಾದರೂ ಬಂದೇ ಬರುತ್ತದೆ. ಶಾಫಿಈ ಮದ್ಹಬಿನವರಾದ ನಮಗೆ ಅವರು ಮನೆಯ ಹಿರಿಯರ ಹಾಗೆ. ಆದರೆ ಆ ಮಹಾನರು ಮದ್ರಸಕ್ಕೆ ಸೇರಿದ್ದು ಯಾಕೆ ಅಂತ ಮಕ್ಕಳಲ್ಲಿ ಕೇಳಿದರೆ, ಇಲ್ಮ್ ಕಲಿಯಲಿಕ್ಕೆ ಅಂತ ಎಲ್ಲರೂ ಕೈ ಎತ್ತಿ ಹೇಳುತ್ತಾರೆ. ಅವರು ಮೊದಲು ಸೇರಿದ್ದು ಹೊಟ್ಟೆಯ ಹಸಿವಿಗೆ.

ಹಿಜರಿ 450, ಅಂದರೆ ಕ್ರಿ.ಶ. 1058ರಲ್ಲಿ ಇಂದಿನ ಇರಾನಿನ ತೂಸ್ ಎಂಬಲ್ಲಿ ಅವರ ಜನನ. ತಂದೆ ಉಣ್ಣೆ ನೂತು ಮಾರುವ ಬಡವ. ಅಕ್ಷರ ಗೊತ್ತಿರಲಿಲ್ಲ, ಆದರೆ ಆಲಿಮರ ಮಜ್ಲಿಸ್ ಬಿಡುತ್ತಿರಲಿಲ್ಲ. ತಾನು ಕಲಿಯಲಿಲ್ಲವಲ್ಲ ಎಂಬ ಕೊರಗು ಕೊನೆತನಕ ಇತ್ತು. ಮರಣ ಹತ್ತಿರವಾದಾಗ ಮುಹಮ್ಮದ್ ಮತ್ತು ಅಹ್ಮದ್ ಎಂಬ ಇಬ್ಬರು ಮಕ್ಕಳನ್ನು ಒಬ್ಬ ಸೂಫಿ ಗೆಳೆಯನ ಕೈಗೆ ಒಪ್ಪಿಸಿ, ಇರುವ ಅಲ್ಪ ಹಣವೆಲ್ಲ ಖರ್ಚಾದರೂ ಚಿಂತೆಯಿಲ್ಲ, ಇವರಿಗೆ ಓದು ಬರಹ ಕಲಿಸಬೇಕು ಅಂತ ವಸಿಯ್ಯತ್ ಮಾಡಿದರು.

ಆ ಗೆಳೆಯ ಮಾತಿಗೆ ತಪ್ಪಲಿಲ್ಲ. ಆದರೆ ಹಣ ಎಷ್ಟು ದಿನ ಬರುತ್ತದೆ? ಮುಗಿದೇ ಹೋಯ್ತು. ಅವರೂ ಕೈಯಲ್ಲಿ ಕಾಸಿಲ್ಲದ ಫಕೀರ. ಆಗ ಅವರು ಮಕ್ಕಳನ್ನು ಕೂರಿಸಿ ಇದ್ದ ವಿಷಯ ಇದ್ದ ಹಾಗೆ ತಿಳಿಸಿದರು. ತನ್ನಲ್ಲಿ ಏನೂ ಉಳಿದಿಲ್ಲ, ನೀವು ಮುತಅಲ್ಲಿಮರಾಗಿ ಒಂದು ಮದ್ರಸ ಸೇರಿಬಿಡಿ, ಅಲ್ಲಿ ನಿಮ್ಮ ಆಹಾರಕ್ಕಾದರೂ ದಾರಿಯಾಗುತ್ತದೆ ಎಂದರು. ಅಣ್ಣ ತಮ್ಮ ಹಾಗೇ ಮಾಡಿದರು. ಅಲ್ಲಾಹನಿಗಲ್ಲದೆ ಬೇರೆ ಕಾರಣಕ್ಕೆ ಇಲ್ಮ್ ಹುಡುಕಿ ಹೋದೆವು, ಆದರೆ ಇಲ್ಮ್ ಅಲ್ಲಾಹನದ್ದಾಗದೆ ಬಿಡಲಿಲ್ಲ ಎಂಬ ಅರ್ಥದಲ್ಲಿ ಇಮಾಮರು ಮುಂದೆ ಅದನ್ನು ನೆನೆಯುತ್ತಿದ್ದರಂತೆ. ನಮ್ಮ ಕರಾವಳಿಯ ಪಳ್ಳಿ ದರ್ಸ್‌ಗಳಲ್ಲಿ ಕಲಿತು, ಜಮಾಅತಿನ ಮನೆಗಳಲ್ಲಿ ಊಟ ಮಾಡಿ ಬೆಳೆದ ಉಸ್ತಾದರಿಗೆ ಈ ಮಾತು ಬೇರೆಯವರಿಗಿಂತ ಬೇಗ ಅರ್ಥವಾಗುತ್ತದೆ.

ತೂಸ್‌ನಲ್ಲಿ ಫಿಕ್ಹ್ ಕಲಿತು, ಜುರ್ಜಾನಿಗೆ ಹೋಗಿ ಬರುವಾಗ ದಾರಿಯಲ್ಲಿ ಕಳ್ಳರು ನೋಟ್ಸ್ ಇದ್ದ ಚೀಲವನ್ನೇ ಹೊತ್ತುಕೊಂಡು ಹೋದದ್ದು, ಕಾಗದ ಹೋದರೆ ಹೋಗುವ ವಿದ್ಯೆ ಎಂಥ ವಿದ್ಯೆ ಅಂತ ಕಳ್ಳರ ನಾಯಕ ನಕ್ಕು ವಾಪಸ್ ಕೊಟ್ಟದ್ದು, ಆ ಮಾತು ತಾಗಿ ಇಮಾಮರು ಮೂರು ವರ್ಷ ಕೂತು ಎಲ್ಲವನ್ನೂ ಬಾಯಿಪಾಠ ಮಾಡಿದ್ದು ನಮ್ಮ ಓದುಗರಿಗೆ ಗೊತ್ತೇ ಇದೆ. ನಂತರ ನೈಸಾಪುರದಲ್ಲಿ ಇಮಾಮುಲ್ ಹರಮೈನಿ ಜುವೈನಿ (ರ) ಅವರ ಶಿಷ್ಯರಾದರು. ಆ ಕಾಲದಲ್ಲಿ ಸೆಲ್ಜೂಕರ ವಝೀರ್ ನಿಝಾಮುಲ್ ಮುಲ್ಕ್ ಊರೂರಲ್ಲಿ ನಿಝಾಮಿಯ್ಯ ಮದ್ರಸಗಳನ್ನು ಕಟ್ಟಿಸಿದ್ದರು. ಕಟ್ಟಡ ಕಟ್ಟಿಸಿ ಫಲಕ ಹಾಕಿ ಸುಮ್ಮನಾಗಲಿಲ್ಲ. ವಕ್ಫ್ ಮಾಡಿ, ಅದರ ಆದಾಯದಿಂದ ಉಸ್ತಾದರಿಗೂ ವಿದ್ಯಾರ್ಥಿಗಳಿಗೂ ಖರ್ಚು ಸಿಗುವ ಏರ್ಪಾಡು ಮಾಡಿದರು. ಹಿಜರಿ 484ರಲ್ಲಿ (1091) ಬಗ್ದಾದಿನ ನಿಝಾಮಿಯ್ಯಕ್ಕೆ ಗಝ್ಝಾಲಿಯವರೇ ಮುದರ್ರಿಸ್ ಆದರು. ಆಗ ಅವರಿಗೆ ಸುಮಾರು 33 ವರ್ಷ. ಎದುರಿಗೆ ಕೂತು ಕೇಳುವವರು 300 ಮಂದಿ. ಊಟ ಹುಡುಕಿ ಬಂದ ಯತೀಮ್ ಹುಡುಗ ಎಲ್ಲಿಗೆ ತಲುಪಿದ ನೋಡಿ.

ನಾಲ್ಕು ವರ್ಷದಲ್ಲಿ ಅದನ್ನೂ ಬಿಟ್ಟರು. ತನ್ನ ಪಾಠ ಅಲ್ಲಾಹನಿಗಾಗಿಯೋ, ಹೆಸರಿಗಾಗಿಯೋ ಎಂಬ ಸಂಕಟದಲ್ಲಿ ನಾಲಿಗೆ ಕಟ್ಟಿತು, ಊಟ ಇಳಿಯಲಿಲ್ಲ. ತನಗೂ ಮಕ್ಕಳಿಗೂ ಸಾಕಾಗುವಷ್ಟು ಇಟ್ಟು ಉಳಿದದ್ದೆಲ್ಲ ಹಂಚಿ ಹೊರಟರು. ದಮಾಸ್ಕಸ್, ಬೈತುಲ್ ಮುಖದ್ದಸ್, ಮಕ್ಕಾ, ಮದೀನಾ. ಈ ಅಲೆದಾಟದ ವರ್ಷಗಳಲ್ಲೇ 'ಇಹ್ಯಾ' ಹುಟ್ಟಿತು.

ನಾವು ಇವತ್ತು ಹೇಳಬೇಕು ಅಂತ ಕೂತದ್ದು ಆ ಕಿತಾಬಿನ ಝಕಾತಿನ ಅಧ್ಯಾಯದ ಬಗ್ಗೆ. ಫಕೀರ್ ಯಾರು ಅಂತ ಇಮಾಮರು ಅಲ್ಲಿ ಬಿಡಿಸಿ ಬರೆಯುತ್ತಾರೆ. ಕೆಲಸ ಗೊತ್ತಿದೆ, ಆದರೆ ಕೈಯಲ್ಲಿ ಹತಾರ ಇಲ್ಲ, ಅಂಥವನು ಫಕೀರನೇ, ಝಕಾತಿನಿಂದ ಅವನಿಗೆ ಹತಾರ ತೆಗೆದುಕೊಡಬಹುದು. ದುಡಿಯುವ ಶಕ್ತಿ ಇದೆ, ಆದರೆ ದುಡಿಯಲು ಹೋದರೆ ಫಿಕ್ಹ್ ಕಲಿಕೆ ನಿಂತುಹೋಗುತ್ತದೆ, ಅವನೂ ಫಕೀರನೇ, ಅವನ ತೋಳಿನ ಬಲ ಲೆಕ್ಕಕ್ಕಿಲ್ಲ. ಆದರೆ ಸುನ್ನತ್ ನಮಾಝ್, ವಿರ್ದ್‌ಗಳಿಗೆ ತೊಂದರೆಯಾಗುತ್ತದೆ ಅಂತ ಕೆಲಸ ಬಿಟ್ಟು ಕೂತವನಿಗೆ ಆ ರಿಯಾಯಿತಿ ಇಲ್ಲ, ಹೋಗಿ ದುಡಿಯಲಿ ಅಂತ ಬರೆದುಬಿಟ್ಟರು! ಸಾವಿರ ದಿರ್ಹಮ್ ಇದ್ದವನೂ ಮಿಸ್ಕೀನ್ ಆಗಿರಬಹುದು, ಒಂದು ಕೊಡಲಿ, ಒಂದು ಹಗ್ಗ ಬಿಟ್ಟರೆ ಬೇರೇನೂ ಇಲ್ಲದವನೂ ಶ್ರೀಮಂತನಾಗಿರಬಹುದು ಎಂಬ ಲೆಕ್ಕವೂ ಅಲ್ಲೇ ಇದೆ. ಓದುವ ಕಿತಾಬು ಮನೆಯಲ್ಲಿದೆ ಅಂತ ಒಬ್ಬನನ್ನು ಮಿಸ್ಕೀನರ ಪಟ್ಟಿಯಿಂದ ಹೊಡೆದುಹಾಕುವ ಹಾಗಿಲ್ಲ.

ಇಮಾಮರು ಹೇಳಿದ್ದು ಫಿಕ್ಹ್ ಕಲಿಯುವವನ ಬಗ್ಗೆ ಅಲ್ವಾ, ಕಾಲೇಜಿಗೆ ಹೋಗುವವರಿಗೆ ಹೇಗೆ ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಝಕಾತಿನ ಹಣದ ಮಸ್ಅಲ ಆಲಿಮರಲ್ಲಿ ಕೇಳಿಯೇ ಮಾಡಬೇಕು, ಸದಕಕ್ಕೆ ಆ ತೊಡಕೂ ಇಲ್ಲ. ಆದರೆ ಅದೇ 'ಇಹ್ಯಾ'ದ ಇಲ್ಮಿನ ಅಧ್ಯಾಯ ತೆರೆದು ನೋಡಿ. ವೈದ್ಯವಿದ್ಯೆ, ಲೆಕ್ಕ ಮಾತ್ರವಲ್ಲ, ಬೇಸಾಯ, ನೇಯ್ಗೆ, ಹೊಲಿಗೆ ಕೂಡ ಫರ್ಳ್ ಕಿಫಾಯ ಅಂತ ಸೇರಿಸಿದ್ದಾರೆ. ಎಲ್ಲರೂ ಫಿಕ್ಹ್‌ಗೆ ಮುಗಿಬೀಳುತ್ತಾರೆ, ಎಷ್ಟೋ ಊರಲ್ಲಿ ಮುಸ್ಲಿಂ ವೈದ್ಯನೇ ಇಲ್ಲ ಅಂತ ಅವರಿಗೆ ಬೇಸರವಿತ್ತು. ಫಿಕ್ಹ್‌ನಲ್ಲಿ ದೊಡ್ಡ ದೊಡ್ಡ ಕಿತಾಬು ಬರೆದವರೇ ಹಾಗೆ ಬರೆದದ್ದು.

ನಮ್ಮ ಜಮಾಅತುಗಳಲ್ಲಿ ರಂಝಾನ್ ಬಂದರೆ ಅಕ್ಕಿ, ಎಣ್ಣೆ, ಸಕ್ಕರೆಯ ಕಿಟ್ ಮನೆಮನೆಗೆ ತಲುಪುತ್ತದೆ. ಕೊಡುವವರಿಗೆ ಅಲ್ಲಾಹು ಬರ್ಕತ್ ನೀಡಲಿ. ಆದರೆ ಅದೇ ಮನೆಯ ಹುಡುಗಿ ನರ್ಸಿಂಗ್ ಸೇರಲು, ಹುಡುಗ ಐಟಿಐ ಸೇರಲು ಫೀಸ್ ಕೇಳಿ ಬಂದಾಗ ಕಮಿಟಿಯಲ್ಲಿ ಮುಂದಿನ ಮೀಟಿಂಗ್‌ಗೆ ನೋಡುವ ಅನ್ನುತ್ತಾರೆ. ಮೀಟಿಂಗ್ ಆಗುವಾಗ ಅಡ್ಮಿಷನ್ ಮುಗಿದಿರುತ್ತದೆ. ಮರುವರ್ಷ ಅದೇ ಮನೆಗೆ ಮತ್ತೆ ಕಿಟ್. ನಾವೂ ಆ ಕಿಟ್ ಹೊತ್ತು ಹಂಚಿದವರೇ.

ಇಮಾಮರು ಕೊನೆಗೆ ತೂಸ್‌ಗೆ ಮರಳಿದರು. ಮನೆಯ ಪಕ್ಕದಲ್ಲೇ ವಿದ್ಯಾರ್ಥಿಗಳಿಗೆ ಒಂದು ಮದ್ರಸ, ಸೂಫಿಗಳಿಗೆ ಒಂದು ಖಾನ್‌ಖಾಹ್ ಮಾಡಿದರು. ಹಿಜರಿ 505ರ ಜುಮಾದುಲ್ ಆಖಿರ್ 14ರಂದು (ಡಿಸೆಂಬರ್ 1111), ಸೋಮವಾರ, ಸುಬ್‌ಹಿಗೆ ವುಳೂ ಮಾಡಿ ನಮಾಝ್ ಮುಗಿಸಿ, ಕಫನ್ ಬಟ್ಟೆ ತರಿಸಿ ಮುತ್ತಿಟ್ಟು ಕಣ್ಣಿಗೊತ್ತಿ, ಕಿಬ್ಲಾದ ಕಡೆಗೆ ಕಾಲು ಚಾಚಿ ಮಲಗಿದರು. ಬೆಳಕಾಗುವ ಮೊದಲೇ ವಫಾತಾದರು. ಈ ವಿವರ ತಿಳಿಸಿದ್ದು ಅವರ ಜೊತೆ ಅಂದು ಊಟಕ್ಕಾಗಿ ಮದ್ರಸ ಸೇರಿದ್ದ ಅದೇ ತಮ್ಮ ಅಹ್ಮದ್. ಉಳಿದದ್ದು ಹೆಣ್ಣುಮಕ್ಕಳು ಮಾತ್ರ. ಮನೆಯವರಿಗೆ ಸಾಕಾಗುವಷ್ಟು ಇತ್ತು. ಅದಕ್ಕಿಂತ ಹೆಚ್ಚು ತಂದುಕೊಡಲು ಬಂದವರಿದ್ದರು, ಅವರು ತೆಗೆದುಕೊಂಡಿರಲಿಲ್ಲ.