ಕಲ್ಲಿನೊಳಗೆ ಕೆರೆ ಕಂಡ ಬೀರಬಲ್ ಸಾಹನಿ

ನಮ್ಮ ಬಂಟ್ವಾಳದ ಕಡೆ ಮನೆ ಕಟ್ಟುವುದು ಮುರಕಲ್ಲಿನಲ್ಲಿ. ಮೂಡಬಿದಿರೆಯ ಸಾವಿರ ಕಂಬದ ಬಸದಿ ಶಿಲೆಕಲ್ಲಿನದ್ದು. ಬೆಳ್ತಂಗಡಿಯ ಗಡಾಯಿಕಲ್ಲು ಅಂತೂ ಇಡೀ ಒಂದೇ ಬಂಡೆ. ಈ ಕಲ್ಲುಗಳನ್ನು ಎಷ್ಟು ಒಡೆದರೂ ಒಳಗೆ ಎಲೆಯೋ ಮೀನೋ ಸಿಗುವುದಿಲ್ಲ. ಯಾಕೆಂದರೆ ಶಿಲೆಕಲ್ಲು ಭೂಮಿಯ ಒಳಗೆ ಭಾರಿ ಬಿಸಿಯಲ್ಲಿ ಆದದ್ದು. ಮುರಕಲ್ಲು ಹಳೆಯ ಕಲ್ಲು ಮಳೆ ಬಿಸಿಲಿಗೆ ಸವೆದು ಆದದ್ದು. ಆದರೆ ಕೆಲವು ಊರಿನ ಕಲ್ಲಿನೊಳಗೆ ಕೋಟಿಗಟ್ಟಲೆ ವರ್ಷ ಹಳೆಯ ಕೆರೆಯೇ ಉಂಟು! ಅಂಥ ಕಲ್ಲನ್ನು ಪುಸ್ತಕದ ಹಾಗೆ ಓದಿದವರು ಬೀರಬಲ್ ಸಾಹನಿ.

ಸಾಹನಿಯವರು 1891ನೇ ಇಸವಿ ನವೆಂಬರ್ 14ರಂದು ಭೇರಾ ಎಂಬ ಊರಿನಲ್ಲಿ ಜನಿಸಿದರು. ಅದು ಈಗ ಪಾಕಿಸ್ತಾನದಲ್ಲಿದೆ. ನಾವು ಮಕ್ಕಳ ದಿನಾಚರಣೆ ಮಾಡುವ ದಿನವೇ ಅವರ ಹುಟ್ಟುಹಬ್ಬ. ತಂದೆ ರುಚಿರಾಮ್ ಸಾಹನಿ ಲಾಹೋರಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರು. ಬೀರಬಲರು 1911ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜಿಗೆ ಹೋಗಿ ಸೀವರ್ಡ್ ಎಂಬ ಗುರುಗಳ ಹತ್ತಿರ ಪಳೆಯುಳಿಕೆ ಸಸ್ಯಗಳ ವಿಷಯ ಕಲಿತರು. 1919ರಲ್ಲಿ ಭಾರತಕ್ಕೆ ಮರಳಿದರು. 1921ರಿಂದ ಕೊನೆಯವರೆಗೂ ಲಕ್ನೋ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಕಲಿಸಿದರು.

ಈಗ ಕೆರೆಯ ಕಥೆ ಕೇಳಿ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ದಖ್ಖನಿನಲ್ಲಿ ನೆಲ ಬಿರಿದು ಲಾವಾರಸ ಉಕ್ಕಿತು. ಅದು ಒಂದೇ ಸಲ ಬಂದದ್ದಲ್ಲ. ಒಮ್ಮೆ ಹರಿದು ತಣ್ಣಗಾಗಿ, ಎಷ್ಟೋ ಕಾಲ ಕಳೆದು ಮತ್ತೆ ಹರಿಯುತ್ತಿತ್ತು. ನಡುವಿನ ಬಿಡುವಿನಲ್ಲಿ ಅಲ್ಲಲ್ಲಿ ಕೆರೆಗಳಾದವು. ಗಿಡ ಬೆಳೆದವು, ಮೀನು, ಕಪ್ಪೆ, ಬಸವನಹುಳು ಬಂದವು. ಮತ್ತೆ ಲಾವಾ ಬಂದು ಎಲ್ಲವನ್ನೂ ಮುಚ್ಚಿತು. ನೀರಿನಲ್ಲಿ ಕರಗಿದ್ದ ಸಿಲಿಕಾ ಗಿಡದ ಒಳಗೆಲ್ಲ ಇಳಿದು ಅದನ್ನು ಕಲ್ಲು ಮಾಡಿತು. ಸಾಹನಿಯವರು ಅಂಥ ಕಲ್ಲನ್ನು ಬೆಳಕು ಹಾಯುವಷ್ಟು ತೆಳುವಾಗಿ ಉಜ್ಜಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಜೀವಕೋಶಗಳು ಕೂಡ ಕಾಣುತ್ತಿದ್ದವು! ತಾಳೆ ಜಾತಿಯ ಮರ, ಹಣ್ಣು, ಬೀಜ ಸಿಕ್ಕಿದವು. ಈಗ ಹಟ್ಟಿಯ ಪಕ್ಕದ ತೊಟ್ಟಿಯಲ್ಲಿ ದನಕ್ಕೆ ಅಂತ ಬೆಳೆಸುವ ಅಜೋಲಾದ ಪೂರ್ವಜ ಕೂಡ ಸಿಕ್ಕಿತು.

ಇಂಥ ಕೆರೆಕಲ್ಲು ನಮ್ಮ ಕರ್ನಾಟಕದಲ್ಲೂ ಉಂಟು. ಯಾದಗಿರಿ ಜಿಲ್ಲೆಯ ಗುರುಮಿಠಕಲ್ ಹತ್ತಿರ ಸಣ್ಣ ಸಣ್ಣ ಮೀನಿನ ಅವಶೇಷಗಳೂ ನೀರಿನ ಪಾಚಿಗಳೂ ಸಿಕ್ಕಿವೆ.

ಸಾಹನಿಯವರಿಗೆ ಸಿಕ್ಕಿದ ತಾಳೆಗಳು ಯುರೋಪಿನ ಹೊಸ ಕಾಲದ ಕಲ್ಲುಗಳಲ್ಲಿ ಇದ್ದವುಗಳಿಗೆ ಹೋಲುತ್ತಿದ್ದವು. ಹಾಗಾಗಿ ಈ ಕೆರೆಗಳು ಡೈನೋಸಾರ್‌ಗಳು ನಾಶವಾದ ಮೇಲಿನವು ಎಂದು ಅವರು 1934ರಿಂದಲೇ ವಾದಿಸಿದರು. ಆದರೆ ಆಮೇಲೆ ಅವೇ ಲಾವಾ ಪದರಗಳ ನಡುವೆ ಡೈನೋಸಾರ್ ಅವಶೇಷ ಸಿಕ್ಕಿತು. ಕಲ್ಲಿನ ವಯಸ್ಸನ್ನೂ ಅಳೆದರು. ಹಲವು ಕೆರೆಗಳು ಡೈನೋಸಾರ್ ಇದ್ದ ಕೊನೆಯ ಕಾಲದವು, ಅಂದರೆ ಕ್ರಿಟೇಷಿಯಸ್ ಯುಗದವು ಎಂದು ತಿಳಿಯಿತು. ಇದನ್ನು ತೋರಿಸಿಕೊಟ್ಟವರಲ್ಲಿ ಒಬ್ಬರು ಯಾರು ಗೊತ್ತುಂಟಾ? ಬೀರಬಲರ ಸ್ವಂತ ತಮ್ಮನ ಮಗ ಅಶೋಕ್ ಸಾಹನಿ!

ಲಕ್ನೋದಲ್ಲಿ ಪಳೆಯುಳಿಕೆ ಸಸ್ಯಗಳಿಗಾಗಿಯೇ ಒಂದು ಸಂಸ್ಥೆ ಬೇಕೆಂಬುದು ಅವರ ದೊಡ್ಡ ಆಸೆ. 1946ರಲ್ಲಿ ಅದು ಶುರುವಾಯಿತು. ಕಟ್ಟಡದ ಶಂಕುಸ್ಥಾಪನೆಗೆ ಪಳೆಯುಳಿಕೆಗಳನ್ನೇ ಕೂರಿಸಿದ ಕಲ್ಲನ್ನು ಮಾಡಿಸಿದರು. 1949ರ ಏಪ್ರಿಲ್ 3ರಂದು ಪ್ರಧಾನಿ ನೆಹರೂ ಅದನ್ನು ಇಟ್ಟರು. ಬರೇ ಒಂದು ವಾರ ಕಳೆದು, ಏಪ್ರಿಲ್ 10ರಂದು ಸಾಹನಿಯವರು ಹೃದಯಾಘಾತದಿಂದ ತೀರಿಕೊಂಡರು. ಕಟ್ಟಡ ನೋಡುವ ಭಾಗ್ಯ ಅವರಿಗೆ ಇರಲಿಲ್ಲ. ಆದರೆ ಹೆಂಡತಿ ಸಾವಿತ್ರಿಯವರು ಅಳುತ್ತಾ ಕೂರಲಿಲ್ಲ. ಕೆಲಸ ಮುಂದುವರಿಸಿದರು. 1953ರಲ್ಲಿ ನೆಹರೂ ಅವರೇ ಬಂದು ಕಟ್ಟಡ ಉದ್ಘಾಟಿಸಿದರು. ಈಗ ಆ ಸಂಸ್ಥೆಗೆ ಸಾಹನಿಯವರದೇ ಹೆಸರು. ಅವರ ಸಮಾಧಿಯೂ ಅಲ್ಲೇ ಉಂಟು.

ನಾವು ತಪ್ಪಾದೀತು ಅಂತ ಹೆದರಿ ಎಷ್ಟೋ ಸಲ ಉತ್ತರವನ್ನೇ ಬರೆಯುವುದಿಲ್ಲ. ಸಾಹನಿಯವರ ಲೆಕ್ಕದಲ್ಲಿ ಕಾಲ ತಪ್ಪಿತು. ಆದರೆ ಅವರು ಕಣ್ಣಾರೆ ಕಂಡು ಬರೆದಿಟ್ಟ ಗಿಡಗಳು ಹಾಗೆಯೇ ಉಳಿದವು. ಮುಂದಿನವರು ತಿದ್ದಿದ್ದೂ ಅದರ ಮೇಲೆಯೇ. ಇನ್ನು ಮೇಲೆ ಅಜೋಲಾ ಕಂಡರೆ ಒಂದು ಸಲ ಬಗ್ಗಿ ನೋಡಿ. ಅದರ ಹಿರಿಯರು ಡೈನೋಸಾರ್ ಕಾಲದಲ್ಲೇ ನೀರಿನ ಮೇಲೆ ತೇಲಿದ್ದರು.

- 7ನೇ ತರಗತಿ