ನಾಲ್ಕು ದಿನ ಜಿಮ್ ಬಿಟ್ಟರೆ ಮೈಕಟ್ಟು ಹೋಗುತ್ತದೆಯೇ? ‘ಶಾಂತಲಾ’ ಬರೆದ ವ್ಯಾಯಾಮ ಗುರುವಿನ ಬದುಕು ಏನು ಹೇಳುತ್ತದೆ?

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಜಿಮ್‌ಗಳಲ್ಲೂ ವಾಟ್ಸಾಪ್ ಗುಂಪುಗಳಲ್ಲೂ ಎರಡು ಮಾತು ಸುತ್ತುತ್ತಲೇ ಇರುತ್ತವೆ. ಒಂದು, ನಾಲ್ಕು ದಿನ ಭಾರ ಎತ್ತುವುದನ್ನು ಬಿಟ್ಟರೆ ಕಟ್ಟಿದ ಸ್ನಾಯುವೆಲ್ಲ ಕೊಬ್ಬಾಗುತ್ತದೆ ಎನ್ನುವುದು. ಇನ್ನೊಂದು, ಜಿಮ್‌ಗೆ ಹೋದರೆ ಹೃದಯಾಘಾತ ಗ್ಯಾರಂಟಿ ಎನ್ನುವುದು. ಮೊದಲನೆಯದನ್ನು ನಂಬಿದವರು ಜ್ವರ ಬಂದರೂ ಡಂಬೆಲ್ ಹಿಡಿಯುತ್ತಾರೆ. ಎರಡನೆಯದನ್ನು ನಂಬಿದವರು ಜಿಮ್ ಕಡೆ ತಲೆಯೇ ಹಾಕುವುದಿಲ್ಲ. ಎರಡರಲ್ಲೂ ಅಪಾಯವಿದೆ.

ಈ ಎರಡು ತುದಿಗಳ ನಡುವಿನ ದಾರಿ ತಿಳಿಯಲು ನಾವು ಕೆ.ವಿ. ಅಯ್ಯರ್ ಅವರ ಬದುಕಿನಿಂದ ಶುರು ಮಾಡೋಣ. ಹಾಸನ ಜಿಲ್ಲೆಯವರಿಗೆ ಅವರು ತೀರಾ ಹೊರಗಿನವರಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯ ಕಟ್ಟಿಸಿದ ಹೊಯ್ಸಳ ದೊರೆ ವಿಷ್ಣುವರ್ಧನನ ರಾಣಿಯ ಕುರಿತ ‘ಶಾಂತಲಾ’ ಕಾದಂಬರಿ ಬರೆದವರು ಅವರೇ.

ಯಾರು ಈ ಅಯ್ಯರ್?

ಪೂರ್ತಿ ಹೆಸರು ಕೋಲಾರ ವೆಂಕಟೇಶ ಅಯ್ಯರ್. 1890ರ ದಶಕದ ಕೊನೆಯಲ್ಲಿ ಕೋಲಾರದ ಕಡೆ ಹುಟ್ಟಿದರು. ನಮ್ಮಲ್ಲಿ ಆಗ ಮೈ ಬೆಳೆಸುವುದೆಂದರೆ ಗರಡಿಮನೆ, ದಂಡ, ಬಸ್ಕಿ, ಕುಸ್ತಿ. ಬಾರ್‌ಬೆಲ್, ಡಂಬೆಲ್ ಹಿಡಿದು ಒಂದೊಂದು ಸ್ನಾಯುವನ್ನೂ ಲೆಕ್ಕ ಹಾಕಿ ಬೆಳೆಸುವ ಪದ್ಧತಿ ವಿದೇಶದಿಂದ ಆಗಷ್ಟೇ ಬರುತ್ತಿತ್ತು. ಅಯ್ಯರ್ ಅದನ್ನು ಕಲಿತು, ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನಾಸಿಯಂ ನಡೆಸಿದರು. 1930ರಲ್ಲಿ ‘ಮಸಲ್ ಕಲ್ಟ್’, 1936ರಲ್ಲಿ ‘ಪರ್ಫೆಕ್ಟ್ ಫಿಸಿಕ್’ ಎಂಬ ಇಂಗ್ಲಿಷ್ ಪುಸ್ತಕಗಳನ್ನು ಹೊರತಂದರು. ಬೆಂಗಳೂರಿಗೆ ಬರಲಾಗದವರಿಗೆ ಅಂಚೆಯಲ್ಲೇ ವ್ಯಾಯಾಮ ಪಾಠ ಕಳಿಸುತ್ತಿದ್ದರು. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರಿಗೂ ವ್ಯಾಯಾಮ ಕಲಿಸಿದರು.

ಆದರೆ ಅವರು ಬರೀ ಕಬ್ಬಿಣ ನಂಬಿದವರಲ್ಲ. ಭಾರ ಎತ್ತುವುದರ ಜೊತೆಗೆ ಯೋಗಾಸನ, ಸೂರ್ಯನಮಸ್ಕಾರಗಳನ್ನೂ ಸೇರಿಸಿದ್ದು ಅವರ ಪದ್ಧತಿಯ ವಿಶೇಷ. ತೋಳು, ಎದೆ ಕಾಣಲು ಚೆಂದವಿದ್ದರೆ ಸಾಲದು, ಒಳಗಿನ ಆರೋಗ್ಯವೂ ಬೇಕು ಎನ್ನುವುದು ಅವರ ನಿಲುವು. ಯೋಗಾಚಾರ್ಯ ಸುಂದರಂ ಅವರ ಜೊತೆ ಊರೂರು ಸುತ್ತಿ ಪ್ರಾತ್ಯಕ್ಷಿಕೆ ಕೊಡುತ್ತಿದ್ದರು. ಸುಂದರಂ ಆಸನ ತೋರಿಸಿದರೆ, ಅಯ್ಯರ್ ಸ್ನಾಯುಗಳ ಮೇಲಿನ ಹಿಡಿತ ತೋರಿಸುತ್ತಿದ್ದರು.

ಜಿಮ್‌ನ ಆಚೆಗೂ ಅವರಿಗೆ ದೊಡ್ಡ ಬದುಕಿತ್ತು. ನಾಟಕಕಾರ ಟಿ.ಪಿ. ಕೈಲಾಸಂ ಅವರ ಆಪ್ತರಾಗಿದ್ದರು. ರವಿ ಕಲಾವಿದರು ಎಂಬ ನಾಟಕ ತಂಡ ಕಟ್ಟಿದರು. ‘ಶಾಂತಲಾ’ ಜೊತೆಗೆ ‘ರೂಪದರ್ಶಿ’ ಕಾದಂಬರಿ ಬರೆದರು. 1980ರಲ್ಲಿ ತೀರಿಕೊಂಡಾಗ ಅವರಿಗೆ ಎಂಬತ್ತು ದಾಟಿತ್ತು. ವ್ಯಾಯಾಮ ಅವರ ಬದುಕಿನ ಕಸುಬಾಗಿದ್ದರೂ ಬದುಕನ್ನೆಲ್ಲ ಅದೇ ನುಂಗಿರಲಿಲ್ಲ.

ಬಿಡುವಿನಲ್ಲಿ ದೇಹ ಏನು ಮಾಡುತ್ತದೆ?

ಒಬ್ಬರ ಬದುಕನ್ನೇ ವೈಜ್ಞಾನಿಕ ಪುರಾವೆ ಎನ್ನಲಾಗದು. ಹಾಗಾಗಿ ಸಂಶೋಧನೆ ಹೇಳುವುದನ್ನೂ ನೋಡೋಣ. ಸ್ನಾಯು ಕೊಬ್ಬಾಗಿ ಬದಲಾಗುವುದೇ ಇಲ್ಲ. ಎರಡೂ ಬೇರೆ ಬೇರೆ ಅಂಗಾಂಶಗಳು. ವ್ಯಾಯಾಮ ಪೂರ್ತಿ ನಿಲ್ಲಿಸಿ, ತಿನ್ನುವುದನ್ನು ಮೊದಲಿನಷ್ಟೇ ಮುಂದುವರಿಸಿದರೆ ಸ್ನಾಯು ನಿಧಾನವಾಗಿ ಸೊರಗುತ್ತದೆ, ಕೊಬ್ಬು ಬೇರೆಯಾಗಿಯೇ ಸೇರಿಕೊಳ್ಳುತ್ತದೆ. ನೋಡುವವರಿಗೆ ಒಂದು ಇನ್ನೊಂದಾದಂತೆ ಕಾಣುತ್ತದೆ, ಅಷ್ಟೇ.

ಭಾರ ಎತ್ತಿದಾಗ ಸ್ನಾಯುವಿನ ಎಳೆಗಳಿಗೆ ಒತ್ತಡ ಬೀಳುತ್ತದೆ. ಅದನ್ನು ಸರಿಪಡಿಸಿ ಬಲಪಡಿಸುವ ಕೆಲಸ ಮುಂದಿನ ಒಂದೆರಡು ದಿನ ನಡೆಯುತ್ತದೆ. ಅದಕ್ಕೆ ಊಟ, ನಿದ್ದೆ, ಬಿಡುವು ಬೇಕು. ಮೈ ಬೆಳೆಯುವುದು ಆ ಹೊತ್ತಿನಲ್ಲಿ.

ವಾರಗಟ್ಟಲೆ ಬಿಟ್ಟರೆ? 2013ರಲ್ಲಿ ಜಪಾನಿನ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ ಯುವಕರ ಒಂದು ಗುಂಪು 24 ವಾರ ಬಿಡದೆ ಭಾರ ಎತ್ತಿತು. ಇನ್ನೊಂದು ಗುಂಪು 6 ವಾರ ಎತ್ತಿ 3 ವಾರ ಬಿಟ್ಟು, ಮತ್ತೆ ಶುರು ಮಾಡಿತು. ಕೊನೆಗೆ ಎರಡೂ ಗುಂಪಿನವರ ಸ್ನಾಯು ಮತ್ತು ಬಲ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಬೆಳೆದಿತ್ತು. ಗದ್ದೆ ಕೆಲಸ, ಪರೀಕ್ಷೆ, ಮನೆಯ ಮದುವೆ ಎಂದು ಒಂದು ವಾರ ತಪ್ಪಿದರೆ ಹೆದರಬೇಕಿಲ್ಲ. ದಮ್ಮು ಮಾತ್ರ ಬಲಕ್ಕಿಂತ ಬೇಗ ಇಳಿಯುತ್ತದೆ. ಆದ್ದರಿಂದ ಬಿಡುವಿನಲ್ಲೂ ನಡಿಗೆ ಇರಲಿ.

ಹೃದಯದ ಭಯ

2025ರ ಮೇ-ಜೂನ್‌ನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ರಾಜ್ಯವನ್ನೇ ಬೆಚ್ಚಿಬೀಳಿಸಿದವು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ರಚಿಸಿತು. ಸಾವುಗಳು ಅಸಹಜವಾಗಿ ಏರಿಲ್ಲ ಎಂದು ಅದು ವರದಿ ಕೊಟ್ಟಿತು. ತೀರಿಕೊಂಡ ಹಲವರಲ್ಲಿ ಬಿಪಿ, ಸಕ್ಕರೆ ಕಾಯಿಲೆ, ಬೊಜ್ಜು, ಧೂಮಪಾನ, ಕುಡಿತದಂಥ ಹಳೆಯ ಕಾರಣಗಳೇ ಕಂಡುಬಂದವು. ಇವುಗಳಲ್ಲಿ ಬಿಪಿ, ಸಕ್ಕರೆ, ಬೊಜ್ಜನ್ನು ಹತೋಟಿಯಲ್ಲಿಡಲು ನಿಯಮಿತ ವ್ಯಾಯಾಮವೇ ನೆರವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷದ ಬಿರುಸು ನಡಿಗೆಯಂಥ ಚಟುವಟಿಕೆ, ಜೊತೆಗೆ ಕನಿಷ್ಠ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ಏಳೂ ದಿನ ಭಾರ ಎತ್ತಿ ಎಂದು ಅದು ಹೇಳುವುದಿಲ್ಲ.

ನೆನಪಿಡಿ

• ಒಂದೇ ಸ್ನಾಯುವಿಗೆ ದಿನವೂ ಭಾರ ಬೇಡ. ಒಂದೆರಡು ದಿನ ಬಿಡುವು ಕೊಡಿ.
• ಜ್ವರವಿದ್ದಾಗ ಕಡ್ಡಾಯವಾಗಿ ನಿಲ್ಲಿಸಿ. ವೈರಸ್ ಸೋಂಕು ಹೃದಯದ ಸ್ನಾಯುವಿಗೂ ತಗಲಬಹುದು, ಆಗ ದಣಿಸುವುದು ಅಪಾಯ.
• ಬಿಡುವಿನ ನಂತರ ಹಗುರ ಭಾರದಿಂದ ಶುರು ಮಾಡಿ. ಕಳೆದ ದಿನಗಳ ಬಾಕಿ ಒಂದೇ ದಿನ ತೀರಿಸಲು ಹೋಗಬೇಡಿ.
• ವ್ಯಾಯಾಮದ ವೇಳೆ ಎದೆನೋವು, ತಲೆಸುತ್ತು, ಅತಿಯಾದ ಏದುಸಿರು ಬಂದರೆ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲೇ ಹಠಾತ್ ತೀರಿಕೊಂಡವರಿದ್ದರೆ, ಜಿಮ್ ಸೇರುವ ಮೊದಲೇ ವೈದ್ಯರನ್ನು ಕಾಣಿ.

ಬಿಡುವು ಕೊಡುವುದು ಬೇರೆ, ಬಿಟ್ಟುಬಿಡುವುದು ಬೇರೆ. ಮುಂದಿನ ಸಲ ಆ ಎರಡು ಮಾತುಗಳಲ್ಲಿ ಯಾವುದೇ ನಿಮ್ಮ ಗುಂಪಿಗೆ ಬಂದರೂ ಈ ವ್ಯತ್ಯಾಸವನ್ನು ಅಲ್ಲಿ ತಿಳಿಸಿ.